ಗ್ರಾಫ್ ಅಂದರೆ ಗೀರು: ಒಂದು ಗ್ರೀಕ್ ಬೇರಿನ ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಪಿಯುಸಿ ಮಕ್ಕಳು ಬರುತ್ತಾರೆ, ಎಫ್‌ಡಿಎ ಎಸ್‌ಡಿಎ ಪರೀಕ್ಷೆಗೆ ಓದುವವರು ಬರುತ್ತಾರೆ, ಮಗಳನ್ನು ಬಿಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತು ತಾವೂ ಬರೆದುಕೊಳ್ಳುವ ಅಪ್ಪಂದಿರೂ ಇದ್ದಾರೆ. ಒಮ್ಮೆ ‘ಗ್ರಾಫ್’ ಇರುವ ಪದಗಳನ್ನು ಪಾಠಕ್ಕೆ ತೆಗೆದುಕೊಂಡೆ. ಎರಡು ಸಂಜೆಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಪಾಠ ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ ಕೇಳಿದರು, ಚಹಾದ ಅಂಗಡಿಯಲ್ಲಿ ಕೇಳಿದರು, ಬೀದರ್ ಮತ್ತು ಯಾದಗಿರಿಯಿಂದ ಕಾಗದ ಬರೆದೂ ಕೇಳಿದರು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ತಿದ್ದಲಿಲ್ಲ, ತಿದ್ದಿದರೆ ರುಚಿ ಹೋಗುತ್ತದೆ.

## ಮೊದಲಿಗೆ ಇಷ್ಟು

ಸರ್, ಈ ಗ್ರಾಫ್ ಅಂದ್ರ ಏನ್ರಿ? ಬರಿಯೋದಾ, ಚಿತ್ರ ತಗಿಯೋದಾ?

ಎರಡೂ ಹೌದು. ಆದರೆ ಎರಡಕ್ಕೂ ಮೊದಲು ಅದು ಗೀರುವುದು.

ಗ್ರೀಕಿನಲ್ಲಿ ‘ಗ್ರಾಫೈನ್’ ಅಂತ ಒಂದು ಕ್ರಿಯಾಪದ. ಹೋಮರನ ಇಲಿಯಡ್ ಕಾವ್ಯದಲ್ಲಿ ಒಂದು ಕಡೆ ಈಟಿಯ ಮೊನೆ ಒಬ್ಬನ ಹೆಗಲ ಎಲುಬಿನ ತನಕ ಗೀರಿಕೊಂಡು ಹೋಗುತ್ತದೆ. ಅಲ್ಲಿ ಬಳಸಿರುವುದು ಇದೇ ಪದ. ಅಲ್ಲಿ ಬರವಣಿಗೆಯ ಸುಳಿವೇ ಇಲ್ಲ, ಬರೀ ಗೀರು. ಆಮೇಲೆ ಗ್ರೀಕರು ಮರದ ಹಲಗೆಗೆ ಮೇಣ ಹಚ್ಚಿ, ಚೂಪು ಕಡ್ಡಿಯಿಂದ ಮೇಣದ ಮೇಲೆ ಗೀರಿ ಅಕ್ಷರ ಮೂಡಿಸಿದರು. ಗೀರುವುದೇ ಬರೆಯುವುದಾಯಿತು, ಗೀರುವುದೇ ಚಿತ್ರ ಬಿಡಿಸುವುದೂ ಆಯಿತು.

ಇದು ಕಣ್ಣಿಗೆ ಕಾಣಬೇಕಾದರೆ ಬೀದರಿನಲ್ಲಿ ಯಾವುದಾದರೂ ಬಿದ್ರಿ ಕೆಲಸದವರ ಹತ್ತಿರ ಹೋಗಿ ಅರ್ಧ ಗಂಟೆ ಕೂತುಕೊಳ್ಳಿ. ಸತು ಜಾಸ್ತಿ, ತಾಮ್ರ ಕಡಿಮೆ ಹಾಕಿ ಎರಕ ಹೊಯ್ದ ಹೂಜಿಯನ್ನು ಉಜ್ಜಿ ನಯ ಮಾಡಿರುತ್ತಾರೆ. ಅದರ ಮೈಗೆ ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ. ಆಮೇಲೆ ಕೆಲಸಗಾರ ಚೂಪಾದ ಉಕ್ಕಿನ ಕಡ್ಡಿ ಹಿಡಿದು, ಯಾವ ಕಾಗದವನ್ನೂ ನೋಡದೆ, ಒಂದು ಬಳ್ಳಿ ಎಳೆಯುತ್ತಾನೆ. ಕರ್‌ ಅಂತ ಸಣ್ಣ ಸದ್ದು. ಕಪ್ಪಿನ ಮೇಲೆ ಬಿಳಿ ಗೆರೆ. ಅವನು ಆಗ ಮಾಡುತ್ತಿರುವುದು ಬರೆಯುವುದೋ, ಚಿತ್ರ ತೆಗೆಯುವುದೋ, ಗೀರುವುದೋ? ಅದೇ ಗ್ರಾಫೈನ್.

ಹಂಗಾದ್ರ ಫೋಟೋಗ್ರಾಫ್ ಅಂದ್ರ ಬೆಳಕಿನ ಗೀರಾ?

ಹೌದು, ಹಾಗೇ ತಿಳಿದುಕೊಳ್ಳಿ. ‘ಫೋಸ್’ ಅಂದರೆ ಬೆಳಕು, ಅದು ಸಮಾಸದಲ್ಲಿ ‘ಫೋಟೊ’ ಆಗುತ್ತದೆ. ಬೆಳಕೇ ಕಡ್ಡಿ ಹಿಡಿದು ಬರೆದದ್ದು. ಈ ಪದವನ್ನು 1839ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಗ್ರೀಕರಿಗೆ ಫೋಟೋ ಗೊತ್ತೇ ಇರಲಿಲ್ಲ, ಅಲ್ವಾ? ಹೊಸ ವಸ್ತು ಬಂದಾಗ ಯೂರೋಪಿನವರು ಗ್ರೀಕ್ ಪೆಟ್ಟಿಗೆ ತೆಗೆದು ಎರಡು ತುಂಡು ಹುಡುಕಿ ಅಂಟಿಸುತ್ತಿದ್ದರು. ನಾವು ದೂರ, ದರ್ಶನ ಎರಡನ್ನೂ ಸಂಸ್ಕೃತದಿಂದ ತಂದು ದೂರದರ್ಶನ ಮಾಡಿಕೊಂಡ ಹಾಗೆ.

ಅಂದಹಾಗೆ, ಆ ಬೆಳಕಿನ ಗೀರು ನಮ್ಮ ಕಡೆಗೆ ಬರಲು ಬಹಳ ತಡವಾಗಲಿಲ್ಲ. ಆಗ ಈ ಭಾಗವೆಲ್ಲ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1880ರ ದಶಕದಲ್ಲೇ ಆರನೇ ನಿಜಾಮರ ದರ್ಬಾರಿನಲ್ಲಿ ದೀನ್ ದಯಾಳ್ ಅನ್ನುವ ಛಾಯಾಗ್ರಾಹಕರಿದ್ದರು. ನಿಜಾಮರು ಅವರಿಗೆ ರಾಜಾ ಅನ್ನುವ ಬಿರುದು ಕೊಟ್ಟರು.

ಗ್ರಾಫ್, ಗ್ರಾಫಿ, ಗ್ರಾಂ: ಕೊನಿಗೆ ಮೂರು ಥರ ಬರ್ತದಲ್ಲ, ಫರಕ್ ಏನದ?

ಒಂದು ಉದಾಹರಣೆ ನೆನಪಿಟ್ಟರೆ ಸಾಕು. ‘ಸೈಸ್ಮೊಸ್’ ಅಂದರೆ ನಡುಕ. ನೆಲ ನಡುಗಿದ್ದನ್ನು ಗೀರಿ ತೋರಿಸುವ ಯಂತ್ರ ಸೈಸ್ಮೋಗ್ರಾಫ್. ಅದರ ಕಾಗದದ ಮೇಲೆ ಮೂಡಿದ ಗೀರು ಸೈಸ್ಮೋಗ್ರಾಂ. ಆ ಕೆಲಸ ಅಥವಾ ವಿದ್ಯೆ ಸೈಸ್ಮೋಗ್ರಫಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ, ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತಲ್ಲ, ಆಗ ಯಂತ್ರಗಳು ಗೀಚಿದ್ದು ಸೈಸ್ಮೋಗ್ರಾಂ. ಮನೆಯ ಹಿರಿಯರನ್ನು ಕೇಳಿ, ಆಮೇಲೆ ಎಷ್ಟು ರಾತ್ರಿ ಅಂಗಳದಲ್ಲಿ ಮಲಗಿದ್ದರು ಅಂತ ಹೇಳುತ್ತಾರೆ.

ದವಾಖಾನೆಯ ಇಸಿಜಿ ಕೂಡ ಇದೇ ಲೆಕ್ಕ. ಎದೆಗೆ ತಂತಿ ಅಂಟಿಸುವ ಯಂತ್ರ ಕಾರ್ಡಿಯೋಗ್ರಾಫ್, ಕೈಗೆ ಕೊಡುವ ಗುಲಾಬಿ ಚೌಕಳಿ ಕಾಗದ ಕಾರ್ಡಿಯೋಗ್ರಾಂ. ಇದನ್ನು ಕೆಲಸಕ್ಕೆ ಬರುವ ಹಾಗೆ ಮಾಡಿದ ವಿಲೆಮ್ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಬಂತು. ‘ಕಾರ್ಡಿಯಾ’ ಅಂದರೆ ಹೃದಯ. ಗ್ರೀಕಿನ ಕಾರ್ಡಿಯಾ, ಸಂಸ್ಕೃತದ ಹೃದ್, ಇಂಗ್ಲಿಷಿನ ಹಾರ್ಟ್ ಮೂರೂ ಒಂದೇ ತಾಯಿಯ ಮಕ್ಕಳು.

ಈ ನಿಯಮ ಎಲ್ಲ ಕಡೆ ನಡೆಯುವುದಿಲ್ಲ. ಫೋಟೋಗ್ರಾಫ್ ಯಂತ್ರವಲ್ಲ, ಚಿತ್ರ. ಆಟೋಗ್ರಾಫ್ ಕೂಡ ಯಂತ್ರವಲ್ಲ, ತನ್ನ ಕೈಯಾರೆ ಬರೆದದ್ದು. ಪರೀಕ್ಷೆಯಲ್ಲಿ ಯಾಮಾರಬೇಡಿ.

ಫೋಟೋಕ್ಕ ಪಿ ಎಚ್ ಯಾಕ ಬರೀತಾರ? ಎಫ್ ಬರದ್ರ ಏನಾಗ್ತದ?

ಇಂಗ್ಲಿಷರ ಸ್ಪೆಲಿಂಗ್ ಬಗ್ಗೆ ನನಗೂ ಸಿಟ್ಟಿದೆ, ಆದರೆ ಇಲ್ಲಿ ಅವರದು ತಪ್ಪಿಲ್ಲ. ಗ್ರೀಕಿನಲ್ಲಿ ಇದಕ್ಕೆ ‘ಫೈ’ ಅನ್ನುವ ಒಂದೇ ಅಕ್ಷರ. ಹಳೆಯ ಗ್ರೀಕರು ಅದನ್ನು ಎಫ್ ಥರ ಹೇಳುತ್ತಿರಲಿಲ್ಲ. ಪ್ ಅಂದು ಜೊತೆಗೆ ಉಸಿರು ಬಿಡುತ್ತಿದ್ದರು. ಅಂದರೆ ನಮ್ಮ ‘ಫಲ’ದ ಫ, ಮಹಾಪ್ರಾಣದ ಫ! ರೋಮಿನವರ ಲಿಪಿಯಲ್ಲಿ ಅಂಥ ಅಕ್ಷರ ಇರಲಿಲ್ಲ, ಅದಕ್ಕೆ ಪಿ ಪಕ್ಕ ಎಚ್ ಇಟ್ಟರು. ಮುಂದೆ ಗ್ರೀಕರ ಬಾಯಲ್ಲೇ ಆ ಸದ್ದು ಎಫ್ ಆಗಿ ಬದಲಾಯಿತು, ಬರಹ ಮಾತ್ರ ಹಾಗೇ ಉಳಿಯಿತು. ನಾವು ಕನ್ನಡದಲ್ಲಿ ‘ಫೋಟೊ’ ಅಂತ ಬರೆಯುವಾಗ ಬಳಸುವ ಅಕ್ಷರ ಗ್ರೀಕರ ಹಳೆಯ ಉಚ್ಚಾರಕ್ಕೆ ಲಂಡನ್ನಿನವರಿಗಿಂತ ಹತ್ತಿರ ಇದೆ.

ಒಂದು ಲಾಭ: ಪಿ ಎಚ್ ಕಂಡು ಎಫ್ ಅಂತ ಓದಬೇಕಾದರೆ, ಪದ ಹೆಚ್ಚಾಗಿ ಗ್ರೀಕ್ ಮೂಲದ್ದು. ನೆಫ್ಯೂ ಥರದ ಕೆಲವು ಕಳ್ಳರಿದ್ದಾರೆ, ಅದು ಲ್ಯಾಟಿನ್ ಕಡೆಯದು. ಶೆಪರ್ಡ್‌ನಲ್ಲಿ ಪಿ ಮತ್ತು ಎಚ್ ಸುಮ್ನೆ ಪಕ್ಕ ಪಕ್ಕ ಕೂತಿವೆ, ಅದು ಕುರಿ ಕಾಯುವವನ ಪದ.

ಬಯಾಗ್ರಫಿ, ಜಿಯಾಗ್ರಫಿ, ಡೆಮಾಗ್ರಫಿ… ಎಷ್ಟಂತ ಬಾಯಿಪಾಠ ಮಾಡ್ಲಿ ಸರ್?

ಬಾಯಿಪಾಠ ಮಾಡಬೇಡಿ, ಮುಂದಿನ ತುಂಡನ್ನು ಮಾತ್ರ ಕಲಿಯಿರಿ. ಬಯೊ ಅಂದರೆ ಬದುಕು, ಆಟೊ ಅಂದರೆ ತಾನೇ, ಜಿಯೊ ಅಂದರೆ ಭೂಮಿ, ಡೆಮೊ ಅಂದರೆ ಜನ, ಕ್ರಿಪ್ಟೊ ಅಂದರೆ ಮುಚ್ಚಿಟ್ಟದ್ದು, ಆರ್ಥೊ ಅಂದರೆ ನೆಟ್ಟಗಿನದು, ಬಿಬ್ಲಿಯೊ ಅಂದರೆ ಪುಸ್ತಕ. ಈ ಏಳು ತುಂಡುಗಳು ಬೇರೆ ಪದಗಳಿಗೂ ಕೀಲಿಕೈ. ಬಯಾಲಜಿ ಬಿಚ್ಚಿಕೊಳ್ಳುತ್ತದೆ, ಡೆಮಾಕ್ರಸಿ ಬಿಚ್ಚಿಕೊಳ್ಳುತ್ತದೆ, ಎಲುಬಿನ ಡಾಕ್ಟರ ಬೋರ್ಡಿನ ಮೇಲಿನ ಆರ್ಥೊ ಕೂಡ.

ಜಿಯಾಗ್ರಫಿ ಅನ್ನುವ ಪದವನ್ನು ಮೊದಲು ಬಳಸಿದವನು ಎರಟೋಸ್ಥೆನಿಸ್, ಕ್ರಿಸ್ತನಿಗೆ ಇನ್ನೂರು ಚಿಲ್ಲರೆ ವರ್ಷ ಮೊದಲು. ಬಾವಿಯ ಬಿಸಿಲು, ಕಂಬದ ನೆರಳು ಇಟ್ಟುಕೊಂಡು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಪುಣ್ಯಾತ್ಮ ಅವನೇ.

ಫೋಟೋಗ್ರಾಫ್ ಅಂತೀವಿ, ಆದ್ರ ಫೊಟಾಗ್ರಫರ್ ಅಂತೀವಿ. ಒತ್ತು ಯಾಕ ಓಡಾಡ್ತದ?

ಒತ್ತು ಅಂದರೆ ಪದದಲ್ಲಿ ಜೋರು ಕೊಟ್ಟು ಹೇಳುವ ಭಾಗ. ಬಾಲ ಬದಲಾದರೆ ಅದು ಜಾಗ ಬದಲಿಸುತ್ತದೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ‘ಫೋ’ ಮೇಲೆ. ಫೊಟಾಗ್ರಫಿ, ಫೊಟಾಗ್ರಫರ್ ಆದಾಗ ‘ಟಾ’ ಮೇಲೆ. ಫೋಟೊಗ್ರಾಫಿಕ್ ಆದಾಗ ‘ಗ್ರಾ’ ಮೇಲೆ. ‘ಗ್ರಫಿ’ಯಲ್ಲಿ ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಸ್ವರದ ಮೇಲೆ ಬೀಳುತ್ತದೆ: ಜಿಯಾಗ್ರಫಿ, ಬಯಾಗ್ರಫಿ, ಕೊರಿಯಾಗ್ರಫಿ. ಕನ್ನಡದಲ್ಲಿ ನಮಗೆ ಒತ್ತಿನ ಕಾಟವಿಲ್ಲ, ಅದಕ್ಕೇ ಇದು ಕಷ್ಟ. ಜೋರಾಗಿ ಹತ್ತು ಸಲ ಹೇಳಿ, ಮನೆಯವರು ನಕ್ಕರೆ ನಗಲಿ.

## ದಿನಾ ಬಾಯಲ್ಲಿರುವ ಪದಗಳು

ತೂಕದ ಗ್ರಾಮು, ರೆಡ್ ಗ್ರಾಮು, ನಮ್ಮೂರ ಗ್ರಾಮ: ಮೂರೂ ಒಂದೇನಾ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ತೊಗರಿಯ ಊರಲ್ಲಿ ಬೇರೇನು ಕೇಳುತ್ತಾರೆ! ಉತ್ತರ: ಮೂರಕ್ಕೂ ಸಂಬಂಧವಿಲ್ಲ. ಒಂದೇ ಹೆಸರಿನ ಮೂರು ಜನ ಒಂದೇ ಬಸ್ಸಿನಲ್ಲಿ ಕೂತ ಹಾಗೆ.

ತೂಕದ ಗ್ರಾಮು ಮಾತ್ರ ನಮ್ಮ ಗ್ರೀಕ್ ಬೇರಿನದು. ಗ್ರಾಫೈನ್‌ನಿಂದ ‘ಗ್ರಾಮಾ’ ಬಂತು. ಗೀರಿದ್ದು, ಬರೆದದ್ದು, ಅಕ್ಷರ ಅಂತ ಅರ್ಥ. ಅದೇ ಹೆಸರು ಮುಂದೆ ಒಂದು ಸಣ್ಣ ತೂಕಕ್ಕೂ ಬಂತು, ಔನ್ಸಿನ ಇಪ್ಪತ್ತನಾಲ್ಕನೇ ಒಂದು ಭಾಗಕ್ಕೆ. ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ಅಳತೆ ತೂಕ ಎಲ್ಲ ಹೊಸದು ಮಾಡಿದಾಗ, 1795ರಲ್ಲಿ, ಒಂದು ಘನ ಸೆಂಟಿಮೀಟರ್ ನೀರಿನ ತೂಕಕ್ಕೆ ಈ ಹಳೆಯ ಹೆಸರನ್ನೇ ಇಟ್ಟರು. ಹೀಗೆ ಅಕ್ಷರ ಹೋಗಿ ತಕ್ಕಡಿಗೆ ಕೂತಿತು.

ರೆಡ್ ಗ್ರಾಮು, ಬೆಂಗಾಲ್ ಗ್ರಾಮು, ಗ್ರೀನ್ ಗ್ರಾಮು ಇದಾವುದಕ್ಕೂ ಗ್ರೀಕರ ಹಂಗಿಲ್ಲ. ಅದು ಪೋರ್ಚುಗೀಸರ ‘ಗ್ರಾಂವ್’, ಅಂದರೆ ಕಾಳು. ಅದಕ್ಕೆ ಮೂಲ ಲ್ಯಾಟಿನ್ನಿನ ‘ಗ್ರಾನುಂ’. ಇಂಗ್ಲಿಷಿನ ಗ್ರೇನ್ ಕೂಡ ಅಲ್ಲಿಂದಲೇ. ಗೋವಾ, ಕೊಚ್ಚಿ ಕಡೆ ಇಳಿದ ವ್ಯಾಪಾರಿಗಳು ನಮ್ಮ ಕಾಳು ಕಡಿಗಳನ್ನೆಲ್ಲ ಒಟ್ಟಿಗೆ ಕಾಳು ಅಂದುಬಿಟ್ಟರು, ಇಂಗ್ಲಿಷರು ಅದನ್ನೇ ಎತ್ತಿಕೊಂಡರು. 2019ರಲ್ಲಿ ಜಿಐ ಟ್ಯಾಗ್ ಪಡೆದ ಕಲಬುರಗಿಯ ತೊಗರಿಬೇಳೆಯ ಇಂಗ್ಲಿಷ್ ಹೆಸರಿನಲ್ಲಿ ಇರುವುದು ಆ ಕಾಳು. ಇನ್ನು ಹಳ್ಳಿಯ ಗ್ರಾಮ ಸಂಸ್ಕೃತದ್ದು, ಅದರಲ್ಲಿ ಗೀರೂ ಇಲ್ಲ, ಕಾಳೂ ಇಲ್ಲ.

ಹಾಗಾಗಿ ಗ್ರಾಮದ ಸಂತೆಯಲ್ಲಿ ಐನೂರು ಗ್ರಾಂ ರೆಡ್ ಗ್ರಾಂ ಕೊಂಡರೆ ಮೂರು ಭಾಷೆ ಚೀಲಕ್ಕೆ ಬೀಳುತ್ತವೆ. ನಾನು ಓದಿದ ಶಾಲೆಯಲ್ಲಿ ಒಬ್ಬ ಮೇಷ್ಟ್ರು, ಗ್ರಾಮದವರು ತೂಗುತ್ತಿದ್ದರು ಅದಕ್ಕೆ ಗ್ರಾಂ ಅಂತ ಬೋರ್ಡಿನ ಮೇಲೆ ಬರೆಸಿದ್ದರು. ನಾನೂ ಹತ್ತು ವರ್ಷ ಅದನ್ನೇ ನಂಬಿದ್ದೆ.

ಪೆನ್ಸಿಲಿಗೆ ನಮ್ಮ ಅಜ್ಜ ಸೀಸದಕಡ್ಡಿ ಅಂತಿದ್ದ. ಒಳಗ ಸೀಸ ಇರ್ತದಾ?

ಒಂದು ಚೂರೂ ಇರುವುದಿಲ್ಲ. ಇಂಗ್ಲಿಷರೂ ಇವತ್ತಿಗೂ ಅದನ್ನು ಲೆಡ್ ಅನ್ನುತ್ತಾರೆ, ಅದೂ ತಪ್ಪೇ. ಕಪ್ಪಗೆ ಮಿರುಗುವ ಆ ಖನಿಜವನ್ನು ಹಿಂದೆ ಸೀಸದ ಒಂದು ಜಾತಿ ಅಂದುಕೊಂಡಿದ್ದರು. ಅದು ಇಂಗಾಲ ಅಂತ ಗೊತ್ತಾದ ಮೇಲೆ ಹೊಸ ಹೆಸರು ಬೇಕಾಯಿತು. ಜರ್ಮನಿಯ ಖನಿಜ ಪಂಡಿತ ಅಬ್ರಹಾಂ ವರ್ನರ್ 1789ರಲ್ಲಿ ಅದಕ್ಕೆ ಗ್ರಾಫೈಟ್ ಅಂತ ಇಟ್ಟ. ಬರೆಯುವ ಕಲ್ಲು ಅಂದ ಹಾಗೆ. ಅಜ್ಜನ ಮಾತನ್ನು ತಿದ್ದಲು ಹೋಗಬೇಡಿ, ಹಳೆಯ ತಪ್ಪು ಅಷ್ಟು ಚಂದದ ಪದವಾಗಿ ಉಳಿದಿದೆ.

ಜೆರಾಕ್ಸಿಗೂ ಗ್ರಾಫಿಗೂ ಸಂಬಂಧ ಅದ ಅಂದ್ರಲ್ಲ, ಅದರಾಗ ಗ್ರಾಫೇ ಇಲ್ಲಲ್ರಿ?

ಇತ್ತು, ಕತ್ತರಿಸಿ ಹೋಗಿದೆ. ಪೂರ್ತಿ ಪದ ಜೆರಾಗ್ರಫಿ. ‘ಜೆರೋಸ್’ ಅಂದರೆ ಒಣಗಿದ್ದು. ಒಣ ಬರಹ!

ಅದಕ್ಕೂ ಮುಂಚೆ ಪ್ರತಿ ತೆಗೆಯಲು ಫೋಟೋ ತೊಳೆದ ಹಾಗೆ ದ್ರಾವಣದಲ್ಲಿ ಅದ್ದಬೇಕಾಗಿತ್ತು. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್‌ಗೆ ಅದು ಬೇಡವಾಗಿತ್ತು. ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ, 1938ರ ಅಕ್ಟೋಬರ್ 22ರಂದು, ಆತ ಮತ್ತು ಆತನ ಸಹಾಯಕ ಗಂಧಕ ಬಳಿದ ತಗಡಿಗೆ ಬಟ್ಟೆ ಉಜ್ಜಿ ವಿದ್ಯುತ್ ತುಂಬಿಸಿದರು. ಗಾಜಿನ ಮೇಲೆ ಬರೆದ ಅಕ್ಷರವನ್ನು ಅದರ ಮೇಲಿಟ್ಟು ಬೆಳಕು ಬಿಟ್ಟರು. ಆಮೇಲೆ ಒಣ ಪುಡಿ ಉದುರಿಸಿ ಊದಿದರು. ಪುಡಿ ಅಕ್ಷರಕ್ಕೆ ಮಾತ್ರ ಅಂಟಿಕೊಂಡಿತು. ಬರೆದದ್ದು ಏನು ಗೊತ್ತಾ? ಆ ದಿನದ ತಾರೀಖು ಮತ್ತು ಅಸ್ಟೋರಿಯಾ, ಅಷ್ಟೇ.

ಇವತ್ತು ಮಿನಿ ವಿಧಾನಸೌಧದ ಮುಂದೆ ಆಧಾರ್ ಕಾರ್ಡ್ ಹಿಡಿದು ‘ಅಣ್ಣಾ, ಹಿಂದಾ ಮುಂದಾ ಎರಡು ಜೆರಾಕ್ಸ್’ ಅನ್ನುವಾಗ ನೀವು ಕೇಳುತ್ತಿರುವುದು ಎರಡು ‘ಒಣ’ ಮಾತ್ರ. ಬರಹ ಬಾಯಿಂದ ಬಿದ್ದುಹೋಗಿದೆ. ಸಿನೆಮಾ ಕಥೆಯೂ ಹಾಗೇ. ಲೂಮಿಯೇರ್ ಸಹೋದರರು 1895ರಲ್ಲಿ ಪ್ಯಾರಿಸಿನಲ್ಲಿ ತೋರಿಸಿದ ಯಂತ್ರದ ಹೆಸರು ಸಿನಿಮಾಟೋಗ್ರಾಫ್, ಚಲನೆಯನ್ನು ಬರೆಯುವುದು. ಕಾನೂನಿನಲ್ಲಿ ಮಾತ್ರ ಪೂರ್ತಿ ಹೆಸರಿದೆ, ನಮ್ಮ ದೇಶದ 1952ರ ಕಾಯ್ದೆಯ ಹೆಸರು ಸಿನಿಮಾಟೋಗ್ರಾಫ್ ಆಕ್ಟ್.

ಟೆಲಿಗ್ರಾಫ್ ಬ್ಯಾರೆ, ಟೆಲಿಗ್ರಾಂ ಬ್ಯಾರೆ ಹ್ಯಾಂಗ? ಇನ್‌ಸ್ಟಾಗ್ರಾಂ ಎಲ್ಲಿಂದ ಬಂತು?

ಟೆಲಿ ಅಂದರೆ ದೂರ. ಟೆಲಿಗ್ರಾಫ್ ಮೊದಲು ಬಂದಾಗ ಅದರಲ್ಲಿ ತಂತಿಯೇ ಇರಲಿಲ್ಲ. ಫ್ರಾನ್ಸಿನ ಕ್ಲೋಡ್ ಶಾಪ್ 1790ರ ದಶಕದಲ್ಲಿ ಗುಡ್ಡಗಳ ಮೇಲೆ ಗೋಪುರ ಕಟ್ಟಿಸಿ, ಮೇಲೆ ಮರದ ತೋಳು ಇಟ್ಟು, ತೋಳು ಆಡಿಸಿ ಸುದ್ದಿ ಕಳಿಸುತ್ತಿದ್ದ. ಮುಂದಿನ ಗೋಪುರದವನು ದುರ್ಬೀನಿನಲ್ಲಿ ನೋಡಿ ತಾನೂ ಹಾಗೇ ಆಡಿಸುತ್ತಿದ್ದ. ಕರೆಂಟಿನ ಟೆಲಿಗ್ರಾಫ್ ಬಂದದ್ದು ಆಮೇಲೆ.

ಆಗ ಕಳಿಸುವ ಸುದ್ದಿಗೆ ಬೇರೆ ಹೆಸರು ಬೇಕು ಅಂತ 1852ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಟೆಲಿಗ್ರಾಂ ಅನ್ನುವ ಸಲಹೆ ಬಂತು. ಗ್ರೀಕ್ ಪಂಡಿತರು ರೇಗಿದರು. ವ್ಯಾಕರಣದ ಪ್ರಕಾರ ಅದು ಟೆಲಿಗ್ರಾಫೀಮ್ ಆಗಬೇಕು ಅಂತ ಅವರ ವಾದ. ಯಾರೂ ಕೇಳಲಿಲ್ಲ, ಒಳ್ಳೆಯದೇ ಆಯಿತು.

ನಮ್ಮ ಕಡೆ ಅದು ‘ತಾರು’. ತಾರು ಬಂತು ಅಂದರೆ ಓದುವ ಮುಂಚೆಯೇ ಮನೆಯಲ್ಲಿ ಹೆಂಗಸರು ಅಳಲು ಶುರು ಮಾಡುತ್ತಿದ್ದ ಕಾಲವನ್ನು ನಾನು ನೋಡಿದ್ದೇನೆ. ಒಮ್ಮೆ ಬಂದದ್ದು ಮಾವನಿಗೆ ನೌಕರಿ ಸಿಕ್ಕ ಸುದ್ದಿ. 2013ರ ಜುಲೈನಲ್ಲಿ ದೇಶದಲ್ಲಿ ತಾರಿನ ಸೇವೆ ನಿಂತಿತು. ಇನ್‌ಸ್ಟಾಗ್ರಾಂ ಅದಕ್ಕೂ ಮೂರು ವರ್ಷ ಮೊದಲೇ ಹುಟ್ಟಿತ್ತು. ತಕ್ಷಣ ಅನ್ನುವ ಇನ್‌ಸ್ಟಂಟ್‌ನ ತಲೆ, ಟೆಲಿಗ್ರಾಂನ ಬಾಲ. ಸತ್ತವನ ಅಂಗಿ ತೊಟ್ಟು ಮೊಮ್ಮಗ ಕುಣಿಯುತ್ತಿದ್ದಾನೆ.

ಪ್ಯಾರಾಗ್ರಾಫಿನಾಗ ಪ್ಯಾರಾ ಅಂದ್ರ ಏನು?

ಪಕ್ಕ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಪ್ಯಾರಾ ಬಿಡುವ ಪದ್ಧತಿ ಇರಲಿಲ್ಲ, ಪದಗಳ ನಡುವೆಯೂ ಜಾಗ ಬಿಡುತ್ತಿರಲಿಲ್ಲ. ವಿಷಯ ಬದಲಾಗುವ ಕಡೆ ಸಾಲಿನ ಪಕ್ಕದಲ್ಲಿ ಒಂದು ಸಣ್ಣ ಅಡ್ಡಗೀರು ಎಳೆಯುತ್ತಿದ್ದರು. ಪಕ್ಕದ ಗೀರು, ಅದೇ ಪ್ಯಾರಾಗ್ರಾಫ್. ಮುಂದೆ ಗೀರು ಹೋಗಿ ಅದು ಗುರುತಿಸಿದ ಭಾಗಕ್ಕೇ ಹೆಸರಾಯಿತು.

ಸ್ಟೆನೋ ಅಂದ್ರೂ ಇದರಾಗ ಬರ್ತದಾ?

ಬರುತ್ತದೆ. ಸ್ಟೆನಾಗ್ರಫಿ, ಅಂದರೆ ಇಕ್ಕಟ್ಟಿನ ಬರಹ. ಹೃದಯದ ಕವಾಟ ಕಿರಿದಾದರೆ ಡಾಕ್ಟರು ಸ್ಟೆನೋಸಿಸ್ ಅನ್ನುತ್ತಾರಲ್ಲ, ಅದೇ ‘ಸ್ಟೆನೊ’.

## ಇನ್ನೂ ತಲೆ ಕೆರೆದುಕೊಳ್ಳುವವರಿಗೆ

ಗ್ರಾಮರಿಗೂ ಗ್ಲಾಮರಿಗೂ ಸಂಬಂಧ ಅದ ಅಂತ ಕೇಳಿದೆ. ಖರೇನಾ, ಚಾಷ್ಟಿನಾ?

ಖರೇ. ಗ್ರಾಮಾ ಅಂದರೆ ಅಕ್ಷರ ಅಂದೆನಲ್ಲ, ಗ್ರಾಮರ್ ಅಂದರೆ ಅಕ್ಷರವಿದ್ಯೆ. ಹಿಂದೆ ಯೂರೋಪಿನಲ್ಲಿ ಓದಲು ಬರುತ್ತಿದ್ದವರೇ ಕಡಿಮೆ. ಲ್ಯಾಟಿನ್ ಪುಸ್ತಕ ಹಿಡಿದು ತುಟಿ ಅಲ್ಲಾಡಿಸುವವನನ್ನು ಕಂಡರೆ ಊರವರಿಗೆ ಇವನು ಮಾಟ ಮಂತ್ರದವನು ಅನ್ನುವ ಅನುಮಾನ. ಸ್ಕಾಟ್ಲೆಂಡಿನವರ ಬಾಯಲ್ಲಿ ಗ್ರಾಮರ್ ತಿರುಚಿ ಗ್ಲಾಮರ್ ಆಯಿತು, ಕಣ್ಕಟ್ಟು ಅನ್ನುವ ಅರ್ಥದಲ್ಲಿ. ವಾಲ್ಟರ್ ಸ್ಕಾಟ್ ತನ್ನ ಬರಹಗಳಲ್ಲಿ ಬಳಸಿ ಅದನ್ನು ಇಂಗ್ಲಿಷಿನವರಿಗೆಲ್ಲ ಹಂಚಿದ. ಕಣ್ಕಟ್ಟು ಆಮೇಲೆ ಕಣ್ಣು ಕುಕ್ಕುವ ಚೆಲುವಾಯಿತು. ವ್ಯಾಕರಣ ಅಂದರೆ ಆಕಳಿಸುವ ಮಕ್ಕಳಿಗೆ ನಾನು ಇದನ್ನು ಮೊದಲ ದಿನವೇ ಹೇಳುತ್ತೇನೆ.

ಮಾವಿನ ಕಸಿಗೆ ಗ್ರಾಫ್ಟ್ ಅಂತಾರ. ಇದೂ ನಿಮ್ಮ ಗೀರಿನ ಮನಿತನದ್ದೇನು?

ಆಳಂದ ಕಡೆಯ ಒಬ್ಬ ರೈತರು ಕೇಳಿದ್ದು. ಹೌದು ಅಂದಾಗ ನಂಬಲಿಲ್ಲ. ಗ್ರೀಕರ ಬರೆಯುವ ಕಡ್ಡಿಯ ಹೆಸರು ‘ಗ್ರಾಫಿಯೋನ್’. ಅದು ಲ್ಯಾಟಿನ್ ದಾಟಿ, ಹಳೆಯ ಫ್ರೆಂಚಿನಲ್ಲಿ ‘ಗ್ರೆಫ್’ ಆಯಿತು. ಕಸಿ ಕಟ್ಟುವಾಗ ತಾಯಿ ಗಿಡದ ಸೀಳಿಗೆ ಸಿಕ್ಕಿಸಲು ಕುಡಿಯ ತುದಿಯನ್ನು ಎರಡೂ ಕಡೆ ಹೆರೆದು ಚೂಪು ಮಾಡುತ್ತೀರಲ್ಲ, ಆ ಚೂಪು ಕುಡಿ ನೋಡಲು ಬರೆಯುವ ಕಡ್ಡಿಯ ಹಾಗೇ ಇರುತ್ತದೆ. ಅದಕ್ಕೆ ಆ ಹೆಸರು. ಇಂಗ್ಲಿಷಿಗೆ ಬಂದ ಮೇಲೆ ಕೊನೆಗೊಂದು ಟಿ ಅಂಟಿತು. ಅವರು ಜೇಬಿನಿಂದ ಪೆನ್ನು ತೆಗೆದು, ಅದರ ಮೊನೆಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಹೌದಲ್ರಿ ಮತ್ತ’ ಅಂದರು.

ಸನ್ನತಿ ಕಲ್ಲು ಓದೋರಿಗೆ ಎಪಿಗ್ರಫಿಸ್ಟ್ ಅಂತಾರ. ಬೀದರಿನ ಗೋಡಿ ಮ್ಯಾಲಿನ ಬರಹಕ್ಕೂ ಅದೇ ಹೆಸರೇನು?

ಎಪಿ ಅಂದರೆ ಮೇಲೆ. ಕಲ್ಲು, ಲೋಹದಂಥ ಗಟ್ಟಿ ವಸ್ತುವಿನ ಮೇಲೆ ಬರೆದದ್ದನ್ನು ಓದುವ ವಿದ್ಯೆ ಎಪಿಗ್ರಫಿ, ನಮ್ಮ ಶಾಸನಶಾಸ್ತ್ರ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಅವಶೇಷ ಸರಿಸಿ ನೋಡಿದರೆ, ದೇವಿಯ ವಿಗ್ರಹಕ್ಕೆ ಪೀಠವಾಗಿ ಇಟ್ಟಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಲಿಪಿ. ಅಶೋಕನ ಶಾಸನ! ಯಾರೋ ಎಂದೋ ಪೀಠಕ್ಕಾಗಿ ಅದರ ನಡುವೆ ಕಚ್ಚು ಕೊರೆದಿದ್ದರು, ಒಂದಷ್ಟು ಅಕ್ಷರ ಹಾಗೇ ಹೋದವು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಉಬ್ಬುಚಿತ್ರವೇ ಸಿಕ್ಕಿತು, ಹೆಸರಿನ ಸಮೇತ. ಉಳಿಯಿಂದ ಗೀರಿದ್ದು ಎರಡು ಸಾವಿರ ವರ್ಷ ತಾಳಿತು. ಎಪಿಗ್ರಫಿ ಅಂದರೆ ಅದು.

ಬೀದರಿನದು ಬೇರೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗದಲ್ಲಿ ನೀಲಿ ಹಸಿರು ಹೆಂಚುಗಳ ಮೇಲೆ ಬಳ್ಳಿಯ ಹಾಗೆ ಓಡುವ ಅಕ್ಷರಗಳಿವೆ. ಅಷ್ಟೂರಿನ ಗುಮ್ಮಟದ ಒಳಗೆ ತಲೆ ಎತ್ತಿದರೆ ಬಂಗಾರ ಬಣ್ಣದಲ್ಲಿ ಬರೆದದ್ದು ಕಾಣುತ್ತದೆ. ಅದನ್ನು ಬರೆದವರ ಕಲೆ ಕ್ಯಾಲಿಗ್ರಫಿ, ಚಂದದ ಬರಹ. ‘ಕಾಲೋಸ್’ ಅಂದರೆ ಚೆಲುವು. ಇತಿಹಾಸಕ್ಕಾಗಿ ಓದುವವನು ಎಪಿಗ್ರಫಿ ಮಾಡುತ್ತಾನೆ, ಬರೆದವನು ಮಾಡಿದ್ದು ಕ್ಯಾಲಿಗ್ರಫಿ. ಅದೇ ಗೋಡೆಯ ಮೇಲೆ ಮೊಳೆಯಿಂದ ಹೃದಯ ಕೊರೆದು ಎರಡು ಹೆಸರು ಬರೆಯುವವರದು ಗ್ರಾಫಿಟಿ. ಇಟಾಲಿಯನ್ ದಾರಿಯಲ್ಲಿ ಬಂದರೂ ಅದೂ ಇದೇ ಬೇರಿನದು, ಮತ್ತು ಅದೊಂದೇ ಪದ ಗೀರು ಅನ್ನುವ ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ದಯವಿಟ್ಟು ಪದವನ್ನು ಮಾತ್ರ ಕಲಿಯಿರಿ.

ನಮ್ಮ ಮಾತಿನಾಗ ಗ್ರೀಕ್ ಪದ ಒಂದರೆ ಅದಾವೇನು?

ಇವೆ, ದಿನಾ ಬಳಸುತ್ತೀರಿ. ಗೀರುವ ಕೆಲಸಕ್ಕೇ ಸಂಬಂಧಪಟ್ಟ ಪದಗಳು ಬೇರೆ. ಕಲಮು ನೋಡಿ. ಗ್ರೀಕಿನಲ್ಲಿ ‘ಕಾಲಮೋಸ್’ ಅಂದರೆ ಜೊಂಡು, ಬರೆಯುವ ಲೆಕ್ಕಣಿಕೆ. ಅರಬ್ಬಿ, ಪಾರಸಿ, ಉರ್ದು ಸುತ್ತಿಕೊಂಡು ನಮ್ಮ ಅಜ್ಜಂದಿರ ಜೇಬಿಗೆ ಬಂತು. ದಫ್ತರ ನೋಡಿ. ಗ್ರೀಕಿನ ‘ಡಿಫ್ಥೆರಾ’, ಅಂದರೆ ಹದ ಮಾಡಿದ ಚರ್ಮ, ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಅದು ಲೆಕ್ಕದ ಪುಸ್ತಕವಾಗಿ, ಪುಸ್ತಕ ಇಡುವ ಕಚೇರಿಯಾಗಿ ಬದಲಾಯಿತು. ಗಂಟಲಲ್ಲಿ ಚರ್ಮದಂಥ ಪೊರೆ ಕಟ್ಟುವ ರೋಗಕ್ಕೆ ಡಿಫ್ತೀರಿಯಾ ಅಂತ ಹೆಸರು ಬಂದದ್ದೂ ಅದೇ ಚರ್ಮದಿಂದ. ತಹಸೀಲ್ ದಫ್ತರಕ್ಕೆ ಅಲೆದು ಗಂಟಲು ಒಣಗಿದವರು ಈ ಸಂಬಂಧವನ್ನು ಬೇಗ ಒಪ್ಪುತ್ತಾರೆ.

ಕಾನೂನು ಕೂಡ ಗ್ರೀಕಿನ ‘ಕಾನೋನ್’, ಅಳತೆಯ ಕೋಲು. ಕೇಂದ್ರ ಇನ್ನೂ ಹಳೆಯದು, ‘ಕೆಂಟ್ರೋನ್’ನಿಂದ ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದದ್ದು.

ಬರಿಯೋದು ಅಂದ್ರ ಗೀರೋದು ಅನ್ನೋದು ಗ್ರೀಕರಿಗೆ ಮಾತ್ರಾನಾ, ಎಲ್ಲಾರಿಗೂನಾ?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಸಂಸ್ಕೃತದ ‘ಲಿಖ್’ ಧಾತುವಿನ ಹಳೆಯ ಅರ್ಥ ಗೀರು, ಕೆರೆ. ರೇಖೆ, ಲೇಖನ ಎರಡೂ ಅದರವೇ. ಇಂಗ್ಲಿಷಿನ ರೈಟ್ ಅನ್ನುವ ಪದವೂ ಮೊದಲು ಗೀರು ಅಂತಲೇ ಇತ್ತು, ಲ್ಯಾಟಿನ್ನಿನ ‘ಸ್ಕ್ರೀಬೆರೆ’ ಕೂಡ. ಇನ್ನು ಕನ್ನಡ ನೋಡಿ. ಬರೆ ಅಂದರೆ ಬರೆಯುವುದು. ಬರೆ ಅಂದರೆ ಗೆರೆ. ಕಾಮಾಲೆ ಆದ ಮಗುವಿಗೆ ಕಾದ ಕಬ್ಬಿಣದಿಂದ ಹಾಕುತ್ತಿದ್ದದ್ದೂ ಬರೆ. ಮೈಗೆ ಎಳೆದರೂ ಅದೇ, ಕಾಗದಕ್ಕೆ ಎಳೆದರೂ ಅದೇ. ತಾಳೆಗರಿಯ ಮೇಲೆ ಕಂಟದಿಂದ ಗೀರಿ, ಮಸಿ ಒರೆಸಿ ಅಕ್ಷರ ಕಾಣಿಸಿದ ಜನ ನಾವು. ನಮಗೆ ಗ್ರಾಫೈನ್ ಹೊಸದೇನಲ್ಲ.

ನಾವು ಬಿದ್ರಿ ಮ್ಯಾಲ ಮಾಡೋ ಕೆಲಸಕ್ಕ ಎನ್‌ಗ್ರೇವಿಂಗ್ ಅಂತಾರ. ಅದೂ ಗ್ರಾಫಿನಿಂದಾನೇ ಬಂದಿರಬೇಕಲ್ಲ?

ಬೀದರಿನ ಒಬ್ಬ ಕೆಲಸಗಾರರು ಕೇಳಿದರು. ಹೌದು ಅಂತ ಹೇಳಬೇಕು ಅಂತ ನನಗೂ ಆಸೆಯಿತ್ತು. ಅಲ್ಲ. ಎನ್‌ಗ್ರೇವ್ ಬಂದದ್ದು ಗ್ರೇವ್ ಅನ್ನುವ ಹಳೆಯ ಇಂಗ್ಲಿಷ್ ಪದದಿಂದ, ಅಗೆಯುವುದು ಅಂತ ಅರ್ಥ. ಗೋರಿಗೆ ಗ್ರೇವ್ ಅನ್ನುವುದೂ ಅದಕ್ಕೇ. ಸದ್ದು ಒಂದೇ ಥರ, ಕೆಲಸವೂ ಒಂದೇ ಥರ, ಬೇರು ಮಾತ್ರ ಬೇರೆ. ಗ್ರಾಫಿಗೆ ನಿಜವಾದ ಇಂಗ್ಲಿಷ್ ದಾಯಾದಿ ಕಾರ್ವ್, ಅಂದರೆ ಕೆತ್ತು. ಗ್ರೀಕಿನ ಗಕಾರ ಇಂಗ್ಲಿಷ್ ಕಡೆ ಕಕಾರ ಆಗುವುದು ನಿಯಮ, ಸದ್ದು ದೂರ ಹೋದದ್ದರಿಂದ ಯಾರಿಗೂ ಗುರುತು ಸಿಗುವುದಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಹೂಜಿ ತಿರುಗಿಸಿ, ಬಿಳಿ ಗೆರೆ ಎಳೆದ ಕಡೆ ಬೆರಳಿಟ್ಟು, ‘ಹಂಗಾದ್ರ ಇದು ಗ್ರಾಫ್’ ಅಂದರು. ಉಳಿಯಿಂದ ತೋಡಿ ಬೆಳ್ಳಿ ತಂತಿ ಕೂರಿಸುವ ಕಡೆ ಬೆರಳು ಸರಿಸಿ, ‘ಇದು ಗ್ರೇವ್’ ಅಂದರು. ನಾನು ಒಂದು ವಾರ ಬೋರ್ಡಿನ ಮೇಲೆ ಬರೆದದ್ದು ಒಂದು ಗೇಣು ಹೂಜಿಯ ಮೇಲೆ ಕೂತಿತ್ತು.